ಲಿಸಾಂದ್ರೊನ ವಿಯೆಹಾ

ಪುಯೆಬ್ಲಾ ಪೇಟೆಯ ಆ ಹೊಲಿಗೆ ಅಂಗಡಿಯೊಳಗೆ ಲಿಸಾಂದ್ರೊ ಮೊದಲ ಸಲ ಬಂದದ್ದು ಗೋಡೆಗೆ ಬೆನ್ನು ಅಂಟಿಸಿಕೊಂಡು!

ಸೈಕಲ್ಲಿನಿಂದ ಇಳಿಯುವಾಗ ಪ್ಯಾಂಟು ಹಿಂದೆ ಪರ್ರೆಂದು ಹರಿದಿತ್ತು. ಅಂಗಡಿಯಲ್ಲಿ ಹೊಲಿಯುವ ನೊಯೆಮಿ ನಗು ನುಂಗಿಕೊಂಡು ಪರದೆಯ ಮರೆ ತೋರಿಸಿದಳು. ಅವಳು ಹೊಲಿಯುವಷ್ಟು ಹೊತ್ತೂ ಅವನು ಮರೆಯಿಂದಲೇ ಮಾತಾಡಿದ. ನಾನು ಅರ್ಜೆಂಟೀನಾದವನು, ಇಲ್ಲಿ ಪಿಯಾನೊ ರಿಪೇರಿ ಮಾಡುತ್ತೇನೆ, ನಿಮ್ಮೂರಿನ ಖಾರ ಇನ್ನೂ ಒಗ್ಗಿಲ್ಲ...

'ಎಂಥ ದನಿ...' ಅಂದುಕೊಂಡಳು ನೊಯೆಮಿ.

ಆಮೇಲೆ ಅವನ ಅಂಗಿಗಳ ಗುಂಡಿಗಳು ಒಂದೊಂದೇ ಕಿತ್ತುಬರತೊಡಗಿದವು. ಕತ್ತರಿ ಹಾಕಿದ ಗುರುತು ಕಂಡರೂ ಅವಳು ಕಾಣದವಳಂತೆ ಹೊಲಿದುಕೊಟ್ಟಳು.

ಒಂದು ಸಂಜೆ ಇಬ್ಬರೂ ಬಿಸಿ ಚಾಕೊಲೇಟ್ ಕುಡಿಯಲು ಹೋದರು. ಇದ್ದಕ್ಕಿದ್ದಂತೆ ಅವನು ಎದ್ದ.

"ಹೊರಡ್ತೀನಿ. ಮನೇಲಿ ವಿಯೆಹಾ ಊಟಕ್ಕೆ ಕಾಯ್ತಿರ್ತಾಳೆ."

ವಿಯೆಹಾ! ಮುದುಕಿ ಅಂತ ಅರ್ಥ. ಆದರೆ ನೊಯೆಮಿಯ ಬೀದಿಯ ಗಂಡಸರೆಲ್ಲ ಹಾಗೆ ಕರೆಯುವುದು ಹೆಂಡತಿಯನ್ನು.

'ಮದುವೆ ಆಗಿದೆ... ಎಷ್ಟು ಆರಾಮಾಗಿ ಹೇಳಿಬಿಟ್ಟ!'

ಮರುದಿನ ಅವನು ತಂದ ಅಂಗಿಯನ್ನು ಅವಳು ಮುಟ್ಟಲಿಲ್ಲ. ನಿಮ್ಮ ವಿಯೆಹಾಗೆ ಗುಂಡಿ ಹಾಕಲು ಬರುವುದಿಲ್ಲವೇ ಎಂದು ಕೇಳಿದಳು. ಅವಳಿಗೆ ಕಣ್ಣು ಮಂಜು, ಸೂಜಿಗೆ ದಾರ ಪೋಣಿಸಲಾರಳು ಎಂದ.

'ಅಯ್ಯೋ, ಕಣ್ಣು ಕಾಣದ ಹೆಂಡತಿಗೆ ಮೋಸ ಮಾಡ್ತಿದಾನಲ್ಲ!'

"ನಿಮ್ಮ ವಿಷಯ ಎಲ್ಲಾ ಹೇಳಿದೀನಿ," ಅವನು ಹಿಗ್ಗಿನಿಂದ ಅಂದ. "ಭಾನುವಾರ ಊಟಕ್ಕೆ ಕರ್ಕೊಂಡು ಬಾ ಅಂದ್ಲು."

ನೊಯೆಮಿ ಅಂಗಿಯನ್ನು ಅವನ ಮುಖಕ್ಕೆ ಎಸೆದು ಬಾಗಿಲು ತೋರಿಸಿದಳು.

ಅವನು ಮತ್ತೆ ಬರಲಿಲ್ಲ. ಸೈಕಲ್ ಗಂಟೆ ಕೇಳಿದಾಗಲೆಲ್ಲ ಅವಳ ಹೊಲಿಗೆ ಸೊಟ್ಟಗಾಗುತ್ತಿತ್ತು. ಇನ್ನೊಬ್ಬಳ ಗಂಡನಿಗಾಗಿ ಅಳುವುದೇ ಎಂದು ತನ್ನನ್ನೇ ಬೈದುಕೊಂಡು, ಅತ್ತಳು.

ಕೊನೆಗೊಂದು ದಿನ ಬೆಳ್ಳಿಕೂದಲಿನ ಹೆಂಗಸೊಬ್ಬಳು ಕೇಕಿನ ಡಬ್ಬಿ ಹಿಡಿದು, ದಪ್ಪ ಕನ್ನಡಕದೊಳಗಿಂದ ಅವಳನ್ನು ದಿಟ್ಟಿಸುತ್ತ ಒಳಗೆ ಬಂದಳು.

"ನಾನು ಲಿಸಾಂದ್ರೊನ ವಿಯೆಹಾ. ಹುಡುಗ ಊಟ ಬಿಟ್ಟಿದಾನೆ. ಅವನೇನು ತಪ್ಪು ಮಾಡಿದ, ಹೇಳಮ್ಮ."

"ನೀವು... ಅವರ ಹೆಂಡ್ತಿಯಾ?"

ಹೆಂಗಸು ಕುರ್ಚಿ ತಡವಿ ಕೂತಳು. "ಹೆತ್ತಿದೀನಿ ಕಣೇ ಅವನ್ನ. ನಮ್ಮ ಕಡೆ ಮಕ್ಕಳು ತಾಯಿನ ಹಾಗೇ ಕರೆಯೋದು."

ನೊಯೆಮಿ ಅಪ್ರನ್ನಿನಲ್ಲಿ ಮುಖ ಮುಚ್ಚಿಕೊಂಡಳು. ಇಲ್ಲಿಯ ಅರ್ಥ ಕೇಳಿದ ತಾಯಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಬೀದಿಯಲ್ಲಿ ಸೈಕಲ್ ಹಿಡಿದು ನಿಂತಿದ್ದ ಮಗನನ್ನು ಒಳಗೆ ತಳ್ಳಿ, ತಾನು ಹೊರಗುಳಿದಳು.

ಲಿಸಾಂದ್ರೊ ತಲೆ ತಗ್ಗಿಸಿ ನಿಂತ.

"ಇಲ್ಲಿ ವಿಯೆಹಾ ಅಂದ್ರೆ ಹೆಂಡ್ತಿ ಅಂತೆ?"

"ಹೂಂ."

"ಹಾಗಾದ್ರೆ... ನಿನ್ನನ್ನೂ ಹಾಗೇ ಕರೀಬೇಕು ಅಂತ ನಂಗಾಸೆ, ನೊಯೆಮಿ."

ಅವಳ ಕೆನ್ನೆ ಕೆಂಪೇರಿತು.

"ಕರೀ... ಆದ್ರೆ ನೀನು ಕೂಗಿದಾಗ ಇಬ್ರೂ ಓಡಿ ಬಂದ್ರೆ ಬೈಬಾರ್ದು."