ದರ್ಜಿಯ ಹೆಸರಲ್ಲಿ ಕೈಚಾಚಿದವನು

ಸೋಮವಾರ ಬೆಳಿಗ್ಗೆ ಹತ್ತೂಕಾಲಿಗೆ ಠಾಣೆಗೆ ಬಂದ ದೂರು, ಇನ್‌ಸ್ಪೆಕ್ಟರ್ ತಮ್ಮ ಇಡೀ ಸರ್ವೀಸಿನಲ್ಲಿ ಕೇಳಿರದಂಥದ್ದು. ದುಡ್ಡು ಹೋಯಿತೆಂದು ಅಳುತ್ತ ಬರುವವರನ್ನು ಅವರು ದಿನವೂ ಕಾಣುತ್ತಿದ್ದರು. ದುಡ್ಡು ಬಂತೆಂದು ಕೂಗಾಡುತ್ತ ಬಂದವನು ಇವನೇ ಮೊದಲು.

ದೂರುದಾರ ಒಬ್ಬ ದರ್ಜಿ. ವಯಸ್ಸು ಐವತ್ತೆರಡು. ಕೊರಳ ಗಂಟುಗಳ ಕ್ಯಾನ್ಸರ್. ಔಷಧಿಯ ಕಾವಿಗೆ ತಲೆಗೂದಲು, ಹುಬ್ಬು ಎರಡೂ ಉದುರಿದ್ದವು. ಜೊತೆಗೆ ಬಂದ ಹೆಂಡತಿ ನೆಲ ನೋಡುತ್ತ ಕುಳಿತಿದ್ದಳು.

"ಯಾರೋ ನನ್ನ ಸಹಿ ಹಾಕಿ, ನನ್ನ ಹೆಸರಲ್ಲಿ ಭಿಕ್ಷೆ ಎತ್ತಿದಾರೆ ಸರ್. ಮುಂದಿನ ಚಿಕಿತ್ಸೆಗೆಲ್ಲ ಯಾವುದೋ ಟ್ರಸ್ಟು ದುಡ್ಡು ಕಟ್ಟಿದೆ ಅಂತ ಆಸ್ಪತ್ರೆಯಿಂದ ಫೋನ್ ಬಂತು."

"ನಿಮ್ಮ ದುಡ್ಡೇನೂ ಹೋಗಿಲ್ಲವಲ್ಲ?"

"ಮಾನ ಹೋಗಿದೆ. ಎಫ್‌ಐಆರ್ ಮಾಡಿ."

"ಡಾಕ್ಟರು ಏನಂತಾರೆ?"

"ಪೂರ್ತಿ ಮಾಡಿಸಿದ್ರೆ ಗುಣ ಆಗುತ್ತೆ ಅಂತಾರೆ. ಒಂದು ಮಷೀನು ಮಾರಿ ಅರ್ಧ ಮಾಡಿಸಿದೆ. ಇನ್ನೊಂದನ್ನೂ ಮಾರಿದ್ರೆ ಹೊಟ್ಟೆಗೇನು? ನಿಲ್ಲಿಸಿಬಿಟ್ಟೆ."

ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಳ್ಳುವವರನ್ನು ಇನ್‌ಸ್ಪೆಕ್ಟರ್ ಕಂಡಿದ್ದರು. ಎಣ್ಣೆ ತಂದವನ ಮೇಲೆ ಕೇಸು ಹಾಕುವವನನ್ನು ಕಂಡಿರಲಿಲ್ಲ.

"ಹತ್ತಿರದ ನೆಂಟರು?"

"ಇವಳ ತಮ್ಮ ಒಬ್ಬ. ಪಕ್ಕದ ಬೀದೀಲಿ ಕಟಿಂಗ್ ಶಾಪ್ ಇಟ್ಕೊಂಡಿದಾನೆ. ನಾನು ಹೊಲಿದ ಪ್ಯಾಂಟಿನ ಒಂದು ಕಾಲು ಗಿಡ್ಡ ಅಂದ, ಗಿರಾಕಿಗಳ ಎದುರಿಗೇ. ಗಿಡ್ಡ ಇರೋದು ನಿನ್ನ ಕಾಲು ಅಂದೆ. ಏಳು ವರ್ಷ ಆಯ್ತು, ಮಾತಿಲ್ಲ."

ಹೆಡ್ ಕಾನ್‌ಸ್ಟೇಬಲ್ ಕೆಮ್ಮಿ ನಗು ನುಂಗಿದ. ಸುಳ್ಳು ಸಹಿ, ವೇಷ ಮರೆಸಿ ವಂಚನೆ ಎಂದು ಎಫ್‌ಐಆರ್ ದಾಖಲಾಯಿತು.

ಟ್ರಸ್ಟಿನ ಕಚೇರಿ ಒಂದು ಬಣ್ಣದಂಗಡಿಯ ಮಹಡಿಯ ಮೇಲಿತ್ತು. ಅಲ್ಲಿಯ ಮೇಲ್ವಿಚಾರಕಿ ಕಡತ ತೆಗೆದಿಟ್ಟರು.

"ಮಕ್ಕಳಿಗೆ ಕೊಡೋ ಟ್ರಸ್ಟುಗಳು ಬೇಕಾದಷ್ಟಿವೆ ಸರ್. ದೊಡ್ಡವರಿಗೆ ಕೊಡೋರು ಕಡಿಮೆ. ನಾವು ಕೊಡ್ತೀವಿ, ಆದ್ರೆ ರೋಗಿ ತಾನೇ ಬಂದು ಮಾತಾಡಬೇಕು."

"ಬಂದಿದ್ರಾ?"

"ಬಂದಿದ್ರು. ಮಾಸ್ಕ್ ಹಾಕಿದ್ರು. ಆಸ್ಪತ್ರೆ ಕಾರ್ಡಿನ ಫೋಟೋದಲ್ಲಿ ಇದ್ದ ಹಾಗೇ ಬೋಳುತಲೆ. ಹುಬ್ಬು ಮಾತ್ರ ಪೊದೆ ಥರ ಇತ್ತು, ನಾನು ಆಗ ಯೋಚನೆ ಮಾಡ್ಲಿಲ್ಲ."

"ಬೇರೇನಾದ್ರೂ ನೆನಪಿದೆಯಾ?"

"ಮಾತಾಡುವಾಗೆಲ್ಲ ಎರಡು ಬೆರಳು ಗಾಳೀಲಿ ಕತ್ತರಿ ಆಡಿಸ್ತಾ ಇದ್ವು. ದರ್ಜಿ ಅಲ್ವಾ, ಅಭ್ಯಾಸ ಅಂದ್ಕೊಂಡೆ."

ಬಟ್ಟೆಯಿಲ್ಲದೆ ದರ್ಜಿ ಕತ್ತರಿ ಆಡಿಸುವುದಿಲ್ಲ. ಕೂದಲಿಗೆ ಒಂದು ಸಲ, ಗಾಳಿಗೆ ನಾಲ್ಕು ಸಲ ಆಡಿಸುವ ಕಸುಬು ಬೇರೆ. ಇನ್‌ಸ್ಪೆಕ್ಟರಿಗೆ ಆಳು ಯಾರೆಂದು ಅಲ್ಲೇ ಹೊಳೆಯಿತು. ಆದರೂ ಖುಷಿಯಾಗಲಿಲ್ಲ.

"ಕೇಸು ಸಾಬೀತಾದ್ರೆ ಈ ಸಹಾಯ?"

"ರದ್ದಾಗುತ್ತೆ."

ಕಳ್ಳ ಸಿಕ್ಕರೆ ದೂರುದಾರ ಸಾಯುತ್ತಾನೆ. ಇಂಥ ತನಿಖೆಯನ್ನು ಯಾವ ಟ್ರೇನಿಂಗಿನಲ್ಲೂ ಹೇಳಿಕೊಟ್ಟಿರಲಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

"ಬಂದವನು ಸುಳ್ಳು ಮೇಡಂ. ರೋಗ ಸುಳ್ಳಲ್ಲವಲ್ಲ?"

ಮೇಲ್ವಿಚಾರಕಿ ಆಸ್ಪತ್ರೆಯ ವರದಿಯನ್ನು ಮತ್ತೊಮ್ಮೆ ಓದಿದರು. "ರೋಗ ನಿಜ. ಶುಕ್ರವಾರದೊಳಗೆ ಅವರೇ ಸಹಿ ಹಾಕಿ, ಇಲ್ಲಿಗೆ ಬಂದು ಮಾತಾಡಿದ್ರೆ ಹೊಸ ಅರ್ಜಿ ಅಂತ ತಗೋತೀನಿ." ಖಾಲಿ ನಮೂನೆಯೊಂದನ್ನು ಕೊಟ್ಟರು.

ಅದೇ ಸಂಜೆ ಕಟಿಂಗ್ ಶಾಪಿನಲ್ಲಿ ಕ್ಷೌರಿಕ ಗಿರಾಕಿಯೊಬ್ಬನ ಅರ್ಧ ಗಡ್ಡ ಹೆರೆದಿದ್ದ. ಒಳಗೆ ಅಷ್ಟು ಸೆಕೆಯಿದ್ದರೂ ತಲೆಯ ಮೇಲೆ ಉಣ್ಣೆಯ ಟೋಪಿ.

"ನಿನ್ನ ಭಾವನ ಹೆಸರಲ್ಲಿ ಯಾರೋ..." ಎಂದು ಇನ್‌ಸ್ಪೆಕ್ಟರ್ ಶುರುಮಾಡುವುದೇ ತಡ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ ಅವನ ಕೈ ಟೋಪಿಗೆ ಹೋಯಿತು.

"ತೆಗಿ."

ತೆಗೆದ. ತಲೆಯಲ್ಲಿ ಬೆರಳಗಲ ಕೂದಲು ಮೊಳೆತಿತ್ತು.

"ಕಾಗದಪತ್ರ ಯಾರು ಕೊಟ್ರು?"

"ಯಾರೂ ಕೊಟ್ಟಿಲ್ಲ. ಅಕ್ಕನ ಚೀಲದಿಂದ ಕದ್ದೆ. ಅಕ್ಕಂಗೆ ಏನೂ ಗೊತ್ತಿಲ್ಲ."

ಉತ್ತರ ಪ್ರಶ್ನೆಗಿಂತ ಉದ್ದವಿತ್ತು. ಇನ್‌ಸ್ಪೆಕ್ಟರ್ ಮತ್ತೆ ಕೇಳಲಿಲ್ಲ.

"ಯಾಕೆ ಮಾಡಿದೆ?"

"ಮೊದಲು ನೆಟ್ಟಗೇ ಹೋದೆ ಸರ್. ಒಬ್ಬರು ಮಕ್ಕಳಿಗೆ ಮಾತ್ರ ಅಂದ್ರು. ಇನ್ನೊಬ್ಬರು ಈ ಥರ ಕ್ಯಾನ್ಸರಿಗೆ ಇಲ್ಲ ಅಂದ್ರು. ಮಹಡಿ ಮೇಲಿನ ಮೇಡಂ ರೋಗಿನೇ ಬರಬೇಕು ಅಂದ್ರು. ರೋಗಿ ಸತ್ರೂ ಬರಲ್ಲ ಅಂತಾನೆ. ಅದಕ್ಕೆ ನಾನೇ ರೋಗಿ ಆದೆ."

ಮಾಸ್ಕು ಮತ್ತು ಆಸ್ಪತ್ರೆ ಕಾರ್ಡಿನ ಜೆರಾಕ್ಸ್ ವಶಪಡಿಸಿಕೊಂಡು ಪಂಚನಾಮೆ ಬರೆದರು. ಪಂಚರಲ್ಲಿ ಒಬ್ಬನಾದ ಆ ಗಿರಾಕಿ ಅರ್ಧ ಮುಖದ ನೊರೆಯೊಂದಿಗೇ ಸಹಿ ಹಾಕಿದ. ಉಳಿದರ್ಧ ಗಡ್ಡ ಮುಗಿಸಿಕೊಡಲು ಆರೋಪಿಗೆ ಅವಕಾಶ ಕೊಡಲಾಯಿತು. ಬಂಧನ, ಸಂಜೆ ಆರೂ ನಲವತ್ತು.

ಹೇಳಿಕಳಿಸಿದ ಮೇಲೆ ಹೆಂಡತಿಯೊಂದಿಗೆ ಬಂದ ದರ್ಜಿ ಠಾಣೆಯ ಬಾಗಿಲಲ್ಲೇ ನಿಂತ. ಬೆಂಚಿನ ಮೇಲೆ ಕೂತ ಭಾವಮೈದುನನ ತಲೆಯನ್ನು ನೋಡಿದ. ತನ್ನ ತಲೆಯ ಮೇಲೊಮ್ಮೆ ಕೈಯಾಡಿಸಿಕೊಂಡ. ಬೆಳಗಿನ ಸಿಟ್ಟೆಲ್ಲ ಎಲ್ಲಿಗೆ ಹೋಯಿತೋ, ನೇರ ಇನ್‌ಸ್ಪೆಕ್ಟರ್ ಮೇಜಿನ ಹತ್ತಿರ ಬಂದ.

"ಜಾಮೀನು ಸಿಗುತ್ತಾ ಸರ್? ನಾನು ನಿಲ್ತೀನಿ."

"ಬೇಡ ಸರ್," ಎಂದ ಕ್ಷೌರಿಕ. "ನಾನು ಯಾರ ಹಂಗಿನಲ್ಲೂ ಇರೋನಲ್ಲ. ಲಾಕಪ್ಪೇ ಸಾಕು."

ಅಷ್ಟು ಹೊತ್ತು ನೆಲ ನೋಡುತ್ತಿದ್ದ ದರ್ಜಿಯ ಹೆಂಡತಿ ತಲೆಯೆತ್ತಿದಳು. "ಕೇಳಿಸ್ತಾ ರೀ? ಇದೇ ಮಾತನ್ನ ನಾನು ಮನೇಲಿ ದಿನಾ ಕೇಳ್ತಾ ಇದೀನಿ."

ಇನ್‌ಸ್ಪೆಕ್ಟರ್ ಎರಡು ಕಾಗದ ಮೇಜಿನ ಮೇಲಿಟ್ಟರು. ಒಂದು ಜಾಮೀನುಪತ್ರ, ಇನ್ನೊಂದು ಟ್ರಸ್ಟಿನ ನಮೂನೆ.

"ಭಾವ ಟ್ರಸ್ಟಿನ ಕಾಗದಕ್ಕೆ ಸಹಿ ಹಾಕ್ಲಿ," ಎಂದ ಕ್ಷೌರಿಕ. "ಆಮೇಲೆ ನಾನು ಜಾಮೀನಿಗೆ ಒಪ್ತೀನಿ."

ದರ್ಜಿ ಬಹಳ ಹೊತ್ತು ಪೆನ್ನು ಹಿಡಿದು ಕುಳಿತ. ಆಮೇಲೆ ಮೊದಲು ಟ್ರಸ್ಟಿನ ಕಾಗದಕ್ಕೆ ಸಹಿ ಮಾಡಿದ. ಅವನ ಹೆಂಡತಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಇನ್‌ಸ್ಪೆಕ್ಟರಿಗೆ ಎದೆಯ ಮೇಲಿನ ಭಾರ ಇಳಿದ ಹಾಗಾಯಿತು. ಕೊಲೆ ಕೇಸು ಭೇದಿಸಿದ ದಿನವೂ ಅವರಿಗೆ ಇಷ್ಟು ಹಗುರ ಅನಿಸಿರಲಿಲ್ಲ.

ಎರಡನೆಯ ಸಹಿಗೆ ಬಗ್ಗಿದ ದರ್ಜಿ ಭಾವಮೈದುನನ ಕಾಲು ನೋಡಿದ.

"ಅದೇ ಪ್ಯಾಂಟಾ?"

"ಹೂಂ ಭಾವ."

"ನಾಳೆ ತಂದುಕೊಡು. ಎಡಗಾಲು ಗಿಡ್ಡ ಇದೆ."

ಮರುದಿನ ಹೆಡ್ ಕಾನ್‌ಸ್ಟೇಬಲ್ ದರ್ಜಿಯನ್ನು ತಾನೇ ಮಹಡಿ ಹತ್ತಿಸಿ ಕರೆದುಕೊಂಡು ಹೋದ. ನಿಂತಿದ್ದ ಚಿಕಿತ್ಸೆ ಶುಕ್ರವಾರ ಮತ್ತೆ ಶುರುವಾಯಿತು. ಉಪ್ಪು ತಿಂದವನು ನೀರು ಕುಡಿಯಲೇಬೇಕು. ಕೇಸು ಕೋರ್ಟಿಗೆ ಹೋಗುತ್ತದೆ, ಬಹುಶಃ ಸಣ್ಣದೊಂದು ದಂಡವೂ ಬೀಳುತ್ತದೆ. ಕೇಸ್ ಡೈರಿಯಲ್ಲಿ 'ಕೃತ್ಯದಿಂದ ಆರೋಪಿಗೆ ಆದ ಲಾಭ' ಎಂಬ ಸಾಲಿನ ಮುಂದೆ ಇನ್‌ಸ್ಪೆಕ್ಟರ್ ಸ್ವಲ್ಪ ಯೋಚಿಸಿ ಬರೆದರು: "ಹಣ ಇಲ್ಲ. ಭಾವ ಉಳಿಯುವ ಸಂಭವವಿದೆ."