ಹೊಸ ಬೀಗ

“ಆ ಬಾಗಿಲಿನ ಬೀಗ ಮಾತ್ರ ಬದಲಾಯಿಸಬೇಡಿ ಅಣ್ಣಾ,” ಎಂದಳು ಎದುರಿನ ಇಸ್ತ್ರಿ ಅಂಗಡಿಯಾಕೆ.

ಆ ಮನೆಗೆ ಅಂದೇ ಬಾಡಿಗೆಗೆ ಬಂದಿದ್ದ ಟೈಪಿಸ್ಟ್ ನಕ್ಕ. ಇಪ್ಪತ್ತು ವರ್ಷ ಕೋರ್ಟಿನ ಮುಂದೆ ಕುಳಿತು ಬಾಡಿಗೆ ಕರಾರು ಟೈಪ್ ಮಾಡಿದವನು. ಮಾಲೀಕರು ಇನ್ನೊಂದು ಕೀಲಿ ಇಟ್ಟುಕೊಳ್ಳುವುದು, ನೋಟಿಸ್ ಕೊಡದೆ ಬೀಗ ಜಡಿಯುವುದು, ಎಲ್ಲ ಕಂಡಿದ್ದ. ಮನೆ ಹೊಕ್ಕ ದಿನವೇ ಹೊಸ ಬೀಗ ಹಾಕುವುದು ಅವನ ಪದ್ಧತಿ.

ಅವಳು ಬಿಡದೆ ಹೇಳಿದಳು. ಹಿಂದೆ ಅಲ್ಲೊಬ್ಬ ಹೊಲಿಗೆಯಾಕೆ ಇದ್ದಳಂತೆ. ಮಲಗಿದ್ದ ಮಗುವನ್ನು ಒಳಗೆ ಬಿಟ್ಟು ಅವಳು ಔಷಧಿಗೆ ಹೋದಾಗ, ನೋಟಿಸೂ ಕೊಡದೆ ಮಾಲೀಕ ಹೊಸ ಬೀಗ ಜಡಿದನಂತೆ. ಒಳಗೆ ಇಣುಕಿ ಕೂಡ ನೋಡಲಿಲ್ಲ ಆ ಪುಣ್ಯಾತ್ಮ. ಠಾಣೆ, ಕೋರ್ಟು ಎಂದು ಅಲೆದು ಬಾಗಿಲು ತೆಗೆಸುವಷ್ಟರಲ್ಲಿ ಮಗು ತಣ್ಣಗಾಗಿತ್ತು. ಅವಳು ಹಳೆಯ ಕೀಲಿಗೆ ತನ್ನ ಕೂದಲು ಸುತ್ತಿ, ಬೆರಳು ಕುಯ್ದು ರಕ್ತ ಹಚ್ಚಿ, ಹೊಸ್ತಿಲ ಕೆಳಗೆ ಹೂತಳು. ಈ ಬಾಗಿಲಿಗೆ ಹೊಸ ಬೀಗ ಹಾಕಿದವರ ಮಗು ನನ್ನದು ಎಂದು ಮಾಟ ಮಾಡಿ ಅಲ್ಲೇ ಪ್ರಾಣ ಬಿಟ್ಟಳು.

“ಮಾಟಕ್ಕೂ ಒಂದು ತಡೆಯಾಜ್ಞೆ ತರೋಣ ಬಿಡಮ್ಮ,” ಎಂದು ಅವನು ಬೀಗ ಬದಲಿಸಿದ.

ಹೆಂಡತಿ ಸತ್ತ ಮೇಲೆ ಅವನಿಗಿದ್ದವಳು ಆರು ವರ್ಷದ ಮಗಳೊಬ್ಬಳೇ. ಮೂರನೆಯ ದಿನ ಅವಳ ಕೆಮ್ಮು ಜೋರಾಯಿತು. ಹೊರಗಿನಿಂದ ಬೀಗ ಹಾಕಿ ಔಷಧಿಗೆ ಓಡಿದ.

ಬಂದಾಗ ಮಟಮಟ ಮಧ್ಯಾಹ್ನ. ಕೀಲಿ ಸುಮ್ಮನೆ ಸುತ್ತಿತು, ಬೀಗ ತೆರೆಯಲಿಲ್ಲ. ಬಾಗಿಲ ಸಂದಿಯಲ್ಲಿ ಕತ್ತಲೆ. ಸುಟ್ಟ ಕೂದಲಿನ ವಾಸನೆ. ಒಳಗೆ ಹೊಲಿಗೆ ಮಿಷಿನ್ನಿನ ಸದ್ದು. ಅವನ ಮನೆಯಲ್ಲಿ ಮಿಷಿನ್ನೇ ಇರಲಿಲ್ಲ.

ಬೀಗ ರಿಪೇರಿಯವನನ್ನು ಎಳೆದು ತಂದ. ಸುತ್ತಿಗೆ ಬಿತ್ತು. ಒಳಗೆ ಮಗಳು ಚೀರಿದಳು. ಮತ್ತೆ ಬಿತ್ತು. ಮತ್ತೆ ಚೀರಿದಳು, ಏಟು ಅವಳ ಮೈಮೇಲೇ ಬಿದ್ದಂತೆ. ಬೀಗದವನು ಸುತ್ತಿಗೆ ಬಿಟ್ಟು ಓಡಿದ.

ಟೈಪಿಸ್ಟ್ ಉಗುರಿನಿಂದಲೇ ಹೊಸ್ತಿಲು ಕೆರೆದ. ರಕ್ತ ಬಂತು. ಹೂತಿಟ್ಟ ಕೀಲಿ ಸಿಗಲಿಲ್ಲ.

“ಅಕ್ಕಾ, ನಿಮ್ಮ ಕಾಲು ಹಿಡೀತೀನಿ. ಮಗೂನ ಕೊಡಿ.”

ಮಿಷಿನ್ ನಿಂತಿತು. “ಇದು ನಾನಿರೋ ಮನೆ. ಖಾಲಿ ಮಾಡು ಅಂತ ನಂಗೆ ಯಾರೂ ನೋಟಿಸ್ ಕೊಟ್ಟಿಲ್ಲ. ಕರಾರು ನಿಮಗೆ ಗೊತ್ತಲ್ಲ. ನೋಟಿಸ್ ಕೊಟ್ಟ ಮೇಲೆ ಮೂರು ತಿಂಗಳು. ಆಮೇಲೆ ಬಿಟ್ಟು ಹೋಗ್ತೀನಿ.”

ಗೊತ್ತಿತ್ತು. ಸಾವಿರ ಸಲ ಟೈಪ್ ಮಾಡಿದ ಸಾಲು. ನೋಟಿಸಿನಲ್ಲಿ ಇನ್ನೊಮ್ಮೆ ಹೊಡೆದ, ಮಾಲೀಕನ ರುಜು ಹಾಕಿಸಿದ, ಬಾಗಿಲ ಕೆಳಗೆ ತೂರಿಸಿದ. ಒಳಗಿನಿಂದ ಯಾರೋ ಕಾಗದವನ್ನು ಎಳೆದುಕೊಂಡರು.

ಮೂರು ತಿಂಗಳು ಆ ಮೆಟ್ಟಿಲೇ ಅವನ ಮನೆಯಾಯಿತು. ಒಳಗಿನಿಂದ ಬಿಸಿ ಅನ್ನದ ವಾಸನೆ ಬರುತ್ತಿತ್ತು. ಮಗಳ ಕೆಮ್ಮು ನಿಂತಿತು. ಮೊದಮೊದಲು ಅಪ್ಪಾ ಎಂದು ಅಳುತ್ತಿದ್ದಳು. ಆಮೇಲೆ ಅಳು ನಿಂತಿತು. ಆಮೇಲೆ ನಗು ಕೇಳಿಸಿತು. ಒಂದು ದಿನ ಅವಳು ಅಮ್ಮಾ ಎಂದು ಕರೆದಳು. ಇವನು ಬಾಯಿಗೆ ಬಟ್ಟೆ ತುರುಕಿಕೊಂಡು ಅತ್ತ.

ಗಡುವು ಮುಗಿದ ಬೆಳಿಗ್ಗೆ ಬೀಗ ತಾನಾಗಿ ಕಳಚಿತು. ಹೊಲಿಗೆಯಾಕೆ ಮಾತಿಗೆ ತಪ್ಪಲಿಲ್ಲ. ಒಳಗೆ ಯಾರೂ ಇರಲಿಲ್ಲ. ಹೊಸ ಅಂಗಿ ತೊಟ್ಟು ಮಗಳೊಬ್ಬಳೇ ನಿಂತಿದ್ದಳು, ಕೈಯಲ್ಲಿ ಆ ನೋಟಿಸು.

ಅವನು ತಬ್ಬಲು ಹೋದ. ಮಗಳು ಗೋಡೆಗೆ ಒತ್ತಿ ನಿಂತಳು.

“ಯಾರು ನೀವು?” ಎಂದಳು. “ನಮ್ಮಮ್ಮನ್ನ ಯಾಕೆ ಮನೆ ಬಿಡಿಸಿದ್ರಿ?”