ಹಾರ್ಲನ್‌ನ ಎಡನಳಿಗೆ

ಗುರಿ ಹೊಡೆಯುವ ಪಂದ್ಯದಲ್ಲಿ ಹಾರ್ಲನ್ ಸ್ಟೌಫರ್ ಎರಡನೆಯ ಏಟು ಹೊಡೆದಾಗ ನಾನು ಅವನ ಮುಖವನ್ನೇ ನೋಡುತ್ತಿದ್ದೆ. ಮೊದಲ ಏಟಿನ ಬಿಳಿ ಹೊಗೆಯನ್ನು ಗಾಳಿ ಆಗಲೇ ಜೋಳದ ಹೊಲದತ್ತ ಒಯ್ದಿತ್ತು. ಎರಡನೆಯದಕ್ಕೆ ಬರೀ ಸದ್ದು. ಅವನಪ್ಪನ ಕಾಲದ ಜೋಡಿನಳಿಗೆ ಕೋವಿಯ ಎಡನಳಿಗೆ ಅಂಗೈಯಲ್ಲೇ ಸಿಡಿದಿತ್ತು. ಒಂದು ಚೂರು ಕುತ್ತಿಗೆ ಹೊಕ್ಕಿತ್ತು. ಆಂಬುಲೆನ್ಸ್ ಬರುವ ಮೊದಲೇ ಅವನು ಹೋದ.

"ಹಳೇ ಕಬ್ಬಿಣ" ಎಂದರು ನಮ್ಮ ಪೆನ್ಸಿಲ್ವೇನಿಯಾದ ಕೋವಿ ಕ್ಲಬ್ಬಿನವರು.

ಪಕ್ಕದಲ್ಲೇ ನಿಂತಿದ್ದ ಹಾರ್ಲನ್‌ನ ತಮ್ಮ ವೆಂಡೆಲ್, "ಅವನೇ ಜೇಬಿಂದ ತೋಟಾ ತೆಗೆದು ತುಂಬ್ಕೊಂಡ" ಎಂದ.

ಆರ್ಡಿತ್ ಬ್ರೂಬೇಕರ್ ಒಡೆದ ಕೋವಿಯನ್ನು ಎತ್ತಿಕೊಂಡಳು. ನಲವತ್ತು ವರ್ಷ ಕೋವಿ ರಿಪೇರಿ ಮಾಡಿದವಳು. ಕ್ಲಬ್ಬಿನಲ್ಲಿ ಏನೇ ಎಡವಟ್ಟಾದರೂ ಜನ ಹೋಗುತ್ತಿದ್ದುದು ಅವಳ ಬಳಿಗೆ. ನಾನು ಅವಳ ಕೆಲಸಗಾರ. ಕೋವಿಯಿಂದ ಎರಡು ಖಾಲಿ ತೋಟಾ ತೆಗೆದು ನನಗೆ ಕೊಟ್ಟಳು. ಹೊರಗೆ ಎರಡೂ ಒಂದೇ ತರದ ಕೆಂಪು ಕಾಗದ. ಬಲನಳಿಗೆಯದರ ಒಳಗೆ ಮಸಿ, ಕೊಳೆತ ಮೊಟ್ಟೆಯ ವಾಸನೆ. ಎಡದ್ದು ಶುಭ್ರ. ಆಮೇಲೆ ಹಾರ್ಲನ್‌ನ ಕೋಟು ಮುಟ್ಟಿ ನೋಡಿದಳು. ತೋಟಾ ಜೇಬಿಗೆ ಗುಂಡಿ ಹಾಕಿಯೇ ಇತ್ತು.

ಮಣ್ಣಾದ ಮೂರನೆಯ ದಿನ ನಮ್ಮನ್ನು ಕ್ಲಬ್ಬಿಗೆ ಕರೆದಳು. ಹಾರ್ಲನ್‌ನ ಹೆಂಡತಿ ವರ್ನಾ ಕೋಳಿ ಸೂಪು ತಂದಿದ್ದಳು. ಯಾರೂ ಮುಟ್ಟಲಿಲ್ಲ.

"ನನ್ಮೇಲೇ ಅನುಮಾನ ತಾನೆ?" ಎಂದ ಮರ್ಲ್. ಆ ಕೋವಿ ತನಗೆ ಮಾರೆಂದು ಹತ್ತು ವರ್ಷ ಹಾರ್ಲನ್‌ನ ಬೆನ್ನುಬಿದ್ದವನು.

"ನೀನು ಹಾರ್ಲನ್‌ನ ಬೇಕಾದ್ರೆ ಹೊಡೀತಿದ್ದೆ ಮಾರಾಯ. ಆ ಕೋವೀನ ಒಡೀತಿರ್ಲಿಲ್ಲ" ಎಂದಳು ಆರ್ಡಿತ್. "ಆ ನಳಿಗೆಗೆ ಹಾರ್ಲನ್ ಕಪ್ಪು ಮದ್ದು ಬಿಟ್ಟು ಬೇರೆ ಹಾಕಿದವನಲ್ಲ. ಕಪ್ಪು ಮದ್ದು ಅಂದ್ರೆ ಹೊಗೆ, ಮಸಿ. ಎಲ್ವುಡ್, ಎರಡನೇ ಏಟಿಗೆ ಹೊಗೆ ಬಂತಾ?"

"ಇಲ್ಲ. ಮುಖ ಚೆನ್ನಾಗಿ ಕಾಣ್ತಿತ್ತು" ಎಂದೆ. ಹೇಳುವಾಗ ಅದರ ಅರ್ಥ ನನಗೆ ಹೊಳೆದಿರಲಿಲ್ಲ.

"ಅಂದ್ರೆ ಹಾರ್ಲನ್‌ನ ತೋಟಾದ ಹಾಗೆ ಕಾಣೋದ್ರಲ್ಲಿ ಯಾರೋ ಈಗಿನ ಹೊಗೆಯಿಲ್ಲದ ಬಿರುಸು ಮದ್ದು ತುಂಬಿದ್ರು. ಹಳೇ ನಳಿಗೆ ಅದನ್ನ ತಡೆಯಲ್ಲ. ವರ್ನಾ, ಅವನ ಜೇಬಿನ ಗುಂಡಿ ಹಾಕಿದ್ದು ಯಾರು?"

"ನಾನೇ, ಬೆಳಿಗ್ಗೆ ಮನೇಲಿ. ಅವನ ಬೆರಳು ವಾತದಿಂದ ಸರಿಯಾಗಿ ಮಡಚ್ತಿರ್ಲಿಲ್ವಲ್ಲ. ಕೋವಿ ಕುದುರೆ ಎಳೆಯೋಕೆ ಹೇಗೋ ಆಗ್ತಿತ್ತು. ಗುಂಡಿ ಬಿಚ್ಚೋಕೂ ಆಗ್ತಿರ್ಲಿಲ್ಲ, ಹಾಕೋಕೂ ಆಗ್ತಿರ್ಲಿಲ್ಲ."

"ಆವತ್ತು ಅದು ಅವನ ಮೊದಲ ಸರದಿ. ಆ ಜೇಬಿಂದ ತೋಟಾ ಆಚೆ ಬಂದೇ ಇಲ್ಲ. ಎರಡನ್ನೂ ಕೊಟ್ಟಿದ್ದು ಪಕ್ಕದಲ್ಲಿದ್ದವನು. ಸುಳ್ಳು ಹೇಳಿದವನೂ ಅವನೇ."

ವೆಂಡೆಲ್ ಮೇಜಿನ ಗೆರೆಗಳನ್ನು ನೋಡುತ್ತಿದ್ದ.

"ಅಪ್ಪ ಕೋವೀನ ಅವನಿಗೇ ಕೊಟ್ಟ. ಪ್ರತಿ ಶನಿವಾರ ಅದನ್ನ ನನ್ನ ಮುಂದೇನೇ ಒರೆಸೋನು. ಕೋವಿ ಹಾಳಾಗ್ಲಿ ಅಂತಷ್ಟೇ ಇದ್ದಿದ್ದು. ಅದರ ಕೆಳಗೆ ಅವನ ಕೈ ಇರುತ್ತೆ ಅಂತ..." ಎಂದು ನಿಲ್ಲಿಸಿದ.

"ಮೂರು ದಿನದಿಂದ ನಮ್ಮನೇಲೇ ಉಣ್ತಿದ್ದೀಯಲ್ಲೋ" ಎಂದಳು ವರ್ನಾ. ದನಿ ಏರಲಿಲ್ಲ.

"ಹೂಂ."

ಆರ್ಡಿತ್ ಶೆರಿಫ್‌ಗೆ ಫೋನ್ ಮಾಡಿದಳು. ಅವನು ಬರಲು ಅರ್ಧ ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಐದು ಜನ ಅದೇ ಮೇಜಿನ ಸುತ್ತ ಕೂತೇ ಇದ್ದೆವು. ವೆಂಡೆಲ್ ಓಡಿಹೋಗಲಿಲ್ಲ, ಯಾರೂ ಅವನನ್ನು ತಡೆದೂ ಇರಲಿಲ್ಲ.